ಮಂಡಿನೋವಿಗೆ ಇಂಜೆಕ್ಷನ್
ಸಹೋದರಿಯರೇ, ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಮಂಡಿ ಹಿಡಿದು ನಿಲ್ಲುವವರು ನಮ್ಮಲ್ಲಿ ಬಹಳ ಮಂದಿ. ನಾನೂ ಅವರಲ್ಲೊಬ್ಬಳು. "ಒಂದು ಇಂಜೆಕ್ಷನ್ ತಗೊಂಡ್ಬಿಡಿ" ಎನ್ನುವವರಿಗೆ ಕೊರತೆಯಿಲ್ಲ. ಕೀಲಿಗೆ ಕೊಡುವ ಸ್ಟೀರಾಯ್ಡ್ ಉರಿಯೂತ ಇಳಿಸುತ್ತದೆ, ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವುದಿಲ್ಲ. ನೋವು ಕೆಲವು ವಾರ ತಗ್ಗಬಹುದು. ಅಷ್ಟರಲ್ಲಿ ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡದಿದ್ದರೆ ಚುಚ್ಚಿಸಿಕೊಂಡದ್ದು ದಂಡ. ನನ್ನಂತೆ ಮಧುಮೇಹವಿದ್ದರೆ ಮೊದಲೇ ಹೇಳಿ, ಕೆಲವು ದಿನ ಸಕ್ಕರೆ ಏರುತ್ತದೆ. ಒಂದೇ ಕೀಲಿಗೆ ಸಾಮಾನ್ಯವಾಗಿ 3 ತಿಂಗಳ ಅಂತರ ಬೇಕು. ಕುತ್ತಿಗೆ, ಭುಜದ ಸ್ನಾಯು ಗಂಟುಕಟ್ಟಿ ಸೆಳೆದರೆ ದಾರಿ ಬೇರೆ: ಆ ಗಂಟಿಗೇ ಅರಿವಳಿಕೆ ಚುಚ್ಚುತ್ತಾರೆ. ಈ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು ಒಬ್ಬ ಹೆಣ್ಣುಮಗಳು, ಅಮೆರಿಕದ ಡಾ. ಜಾನೆಟ್ ಟ್ರಾವೆಲ್. ಕೆನಡಿಯ ಬೆನ್ನುನೋವಿಗೆ ಮದ್ದು ಕೊಟ್ಟು, 1961ರಲ್ಲಿ ಶ್ವೇತಭವನದ ವೈದ್ಯೆಯಾದರು! ಚುಚ್ಚಿದ ಕೀಲು ಕೆಂಪಾಗಿ ಜ್ವರ ಬಂದರೆ ಮಾತ್ರ ಅಡುಗೆ ಮುಗಿಯಲಿ ಎನ್ನದೆ ತಕ್ಷಣ ಆಸ್ಪತ್ರೆಗೆ ಹೊರಡಿ.