ಸೀರೆಯ ಹೂವು, ಗಿಡದ ಹೂವು

ಮನೆಯ ಪೆಟ್ಟಿಗೆಯಿಂದ ಒಂದು ಅಚ್ಚಿನ ಸೀರೆಯನ್ನು ತೆಗೆದು ನೋಡಿರಿ. ಅಂಚಿನುದ್ದಕ್ಕೂ ಬಳ್ಳಿ ಹರಿದಿರುತ್ತದೆ. ಮೊದಲ ಗೇಣಿನಲ್ಲಿ ಕಂಡ ಹೂವೇ ಮುಂದಿನ ಗೇಣಿನಲ್ಲಿಯೂ ಬರುತ್ತದೆ. ಸೀರೆ ಮುಗಿಯುವವರೆಗೂ ಅದೇ ಹೂವು. ಎಲೆ ಮಾವಿನದಾಗಿ ಹೂವು ಮಲ್ಲಿಗೆಯದಾಗಿದ್ದರೂ ಉಡುವವರು ಆಕ್ಷೇಪಿಸುವುದಿಲ್ಲ. ಬಟ್ಟೆಗೆ ಬೇಕಾದುದು ಕಣ್ಣಿಗೆ ಒಪ್ಪುವ ಹೊಂದಿಕೆ.

ಇನ್ನು ಹಿತ್ತಲಿಗೆ ಬನ್ನಿರಿ. ದಾಸವಾಳದ ಎಲೆಗಳು ಕೊಂಬೆಯ ಮೇಲೆ ಒಂದು ಈಚೆ, ಒಂದು ಆಚೆ ಎಂಬಂತೆ ಹುಟ್ಟುತ್ತವೆ. ತುಂಬೆಯ ಎಲೆಗಳು ಎದುರುಬದುರಾಗಿ ನಿಲ್ಲುತ್ತವೆ. ತುಂಬೆಯ ಕಾಂಡ ಚೌಕವಾದುದು. ದಾಸವಾಳದ ಕೇಸರಗಳು ಒಂದುಗೂಡಿ ನಳಿಗೆಯಾಗಿರುತ್ತವೆ. ಅದರ ತುದಿಯಿಂದ ಹೊರಟ ಶಲಾಕೆ ಐದು ಕವಲೊಡೆದಿರುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಸಸ್ಯಶಾಸ್ತ್ರಜ್ಞನಿಗೆ ಆ ಚಿತ್ರ ನಿರುಪಯೋಗಿ.

ಹಾಗಾದರೆ ಬಟ್ಟೆಗೆ ಹೂ ಬರೆದು ಪಳಗಿದ ಕೈ ಗಿಡದ ಹೂವನ್ನು ಬರೆಯಬಲ್ಲುದೆ? ಬಲ್ಲುದೆಂಬುದಕ್ಕೆ ವಾಲ್ಟರ್ ಹುಡ್ ಫಿಚ್ ಸಾಕ್ಷಿ. 1817ರಲ್ಲಿ ಜನಿಸಿದ ಈತ ಗ್ಲಾಸ್ಗೋ ನಗರದಲ್ಲಿ ಕ್ಯಾಲಿಕೋ ಬಟ್ಟೆಗೆ ನಮೂನೆ ಬರೆಯುವ ಕೆಲಸವನ್ನು ಕಲಿಯುತ್ತಿದ್ದ ಹುಡುಗ. ಕ್ಯಾಲಿಕೋ ಎಂಬ ಹೆಸರು ನಮ್ಮ ನೆರೆಯ ಕಲ್ಲಿಕೋಟೆಯಿಂದ ಹೋದದ್ದೇ. ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಹುಕರ್ 1834ರಲ್ಲಿ ಹುಡುಗನನ್ನು ಆ ಕೆಲಸದಿಂದ ಬಿಡಿಸಿ ತನ್ನಲ್ಲಿಗೆ ಕರೆತಂದ. ತಡವರಿಸದ ರೇಖೆ, ಹಾಳೆಯ ಮೇಲೆ ಕೊಂಬೆಯನ್ನು ಅಂದವಾಗಿ ಕೂರಿಸುವ ಜಾಣ್ಮೆ, ಇವೆರಡೂ ಫಿಚ್ಚನ ಕೈಗೆ ಒದಗಿದ್ದವು. ಹೊಸದಾಗಿ ಪಳಗಬೇಕಾಗಿದ್ದುದು ಕಣ್ಣು. ಅದೂ ಪಳಗಿತು. ಅಚ್ಚಿನ ಕಲ್ಲಿನ ಮೇಲೆ ತಾನೇ ನೇರವಾಗಿ ಬರೆಯುತ್ತ, ಈತ ಪ್ರಕಟಿಸಿದ ಸಸ್ಯಚಿತ್ರಗಳ ಸಂಖ್ಯೆ ಸುಮಾರು ಹತ್ತು ಸಾವಿರ. ಆದರೂ 1877ರಲ್ಲಿ, ಸಂಭಾವನೆಯ ವಿಚಾರವಾಗಿ ವಿಲಿಯಂ ಹುಕರನ ಮಗನಾದ ಜೋಸೆಫ್ ಹುಕರನೊಡನೆ ವಿರಸ ಬಂದು, ಕ್ಯೂ ತೋಟದ ಪತ್ರಿಕೆಯ ಕೆಲಸವನ್ನು ಬಿಟ್ಟ. ಕಲೆಗೆ ಹೊಗಳಿಕೆಯೊಂದೇ ಸಾಲದು, ಕೂಲಿಯೂ ಬೇಕು.

ಅದೇ ವಿಲಿಯಂ ಹುಕರನ ಮಾತು ನಮ್ಮ ಮಲೆನಾಡಿಗೂ ಬಂದಿತು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ನೋಡು ಎಂಬುದು ಅವನ ಉಪದೇಶ. ಮೈಸೂರು ಸೀಮೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ 1845ರಿಂದ 1847ರವರೆಗೆ ಶಿವಮೊಗ್ಗದಲ್ಲಿದ್ದು ಅದನ್ನು ನಡೆಸಿದ. ಆ ಗಿಡಗಳನ್ನು ಚಿತ್ರಿಸಿದವನು ಒಬ್ಬ ಮರಾಠಿ ಚಿತ್ರಗಾರ. ಆ ಹಾಳೆಗಳು ಎಡಿನ್‌ಬರೋ ಸಸ್ಯೋದ್ಯಾನವನ್ನು ಸೇರಿ ಭದ್ರವಾಗಿವೆ; ಬರೆದವನ ಹೆಸರು ಮಾತ್ರ ಉಳಿಯಲಿಲ್ಲ. ಮುಂದೆ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಗಾರರು ಇದೇ ಕೆಲಸವನ್ನು ಮಾಡಿದರು. ಅವರ ಹೆಸರು ಉಳಿದಿರುವುದು ನಮ್ಮ ಪುಣ್ಯ.

ಇದನ್ನೆಲ್ಲ ನಮ್ಮ ಜಾಲಹಳ್ಳಿಯಲ್ಲಿ ಕುಳಿತು ಹೇಳುವುದಕ್ಕೆ ಕಾರಣವುಂಟು. ಇಲ್ಲಿ ಎಚ್.ಎಂ.ಟಿ. ಕಾರ್ಖಾನೆ 1953ರಲ್ಲಿ ಆರಂಭವಾಯಿತು. 1961ರಿಂದ ಕೈಗಡಿಯಾರಗಳೂ ತಯಾರಾದವು. 2016ರಲ್ಲಿ ಆ ಗಡಿಯಾರದ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಕೂದಲೆಳೆಯಷ್ಟು ಅಳತೆಯನ್ನು ಗುರುತಿಸಬಲ್ಲ ಕೈಗಳು ಕೆಲಸವಿಲ್ಲದೆ ನಿಂತರೆ, ಕಲಿತದ್ದೆಲ್ಲ ವ್ಯರ್ಥವಾಯಿತೆಂದು ಅನ್ನಿಸುವುದು ಸಹಜ. ಆದರೆ ಯಂತ್ರದ ನಕ್ಷೆಗೂ ಸಸ್ಯದ ಚಿತ್ರಕ್ಕೂ ನಿಯಮ ಒಂದೇ: ಅಳತೆ ತಪ್ಪಬಾರದು, ಊಹೆ ಸೇರಬಾರದು, ಒಳಗಿರುವುದನ್ನು ಸೀಳಿ ತೋರಿಸಬೇಕು. ಒಂದು ಕಸುಬಿನಲ್ಲಿ ಪಳಗಿದ ಕೈ ಇನ್ನೊಂದಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ರಂಗೋಲಿ ಬಲ್ಲವರು, ಕಸೂತಿ ಬಲ್ಲವರು, ನಕ್ಷೆ ಬಲ್ಲವರು ಇದ್ದೇ ಇರುತ್ತಾರೆ. ಅವರ ಮುಂದೆ ಒಂದು ಹಾಳೆ, ಒಂದು ಸೀಸದ ಕಡ್ಡಿ, ಬೇಲಿಯ ಬದಿಯ ಒಂದು ತುಂಬೆ ಗಿಡ ಇಡಿರಿ. ದಿನಕ್ಕೆ ಕಾಲು ಗಂಟೆ ಸಾಕು. ಎಲೆಯನ್ನು ಅಳೆದು ಅದೇ ಅಳತೆಗೆ ಬರೆಯಲಿ; ಹೂವನ್ನು ಸೀಳಿ ಬದಿಯಲ್ಲಿ ದೊಡ್ಡದಾಗಿ ಬರೆಯಲಿ. ಕೆಳಗೆ ಊರು, ತಾರೀಖು, ಗಿಡದ ಹೆಸರು ಇರಲಿ. ಬರೆದವರ ಹೆಸರನ್ನು ಮರೆಯದೆ ಹಾಕಿಸಿರಿ.