ಹಿತ್ತಲು, ಮಳೆ ನಕ್ಷತ್ರ ಮತ್ತು ನಾವಿಬ್ಬರು

(ಸ್ವಸಹಾಯ ಸಂಘಗಳ ದಂಪತಿಗಳ ಕೂಟದಲ್ಲಿ, ಮೇ ತಿಂಗಳ ಕೊನೆಯ ವಾರ, ಮಲೆನಾಡಿನ ಒಂದು ಸಂಘದ ಸದಸ್ಯೆ ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಸಂಘದಲ್ಲಿ ಲೆಕ್ಕ ಓದಿ ಮಾತ್ರ ಗೊತ್ತು. "ನಿಮ್ಮ ಮನೆ ಹಿತ್ತಲಿನ ವಿಷಯ ಹೇಳಿ ಸಾಕು" ಅಂತ ಸಿಸ್ಟರ್ ಹೇಳಿದ್ದಕ್ಕೆ ಧೈರ್ಯ ಮಾಡಿ ನಿಂತಿದ್ದೇನೆ. ನಮ್ಮ ಯಜಮಾನ್ರು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನಾನು ಹೇಳೋದ್ರಲ್ಲಿ ತಪ್ಪಿದ್ರೆ ಅವರೇ ಎದ್ದು ತಿದ್ದಬಹುದು.

ಇವರು ಬಸ್ ಕಂಡಕ್ಟರ್ ಆಗಿದ್ದವರು. ಮೂವತ್ತಮೂರು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟು, ರಾತ್ರಿ ಊಟದ ಹೊತ್ತಿಗೆ ಬರೋರು. ನಮ್ಮದು ಇಪ್ಪತ್ತು ಗುಂಟೆ ಜಾಗ. ಮನೆ, ಬಾವಿ, ಒಂದು ದೊಡ್ಡ ಹಲಸಿನ ಮರ, ಮಾವು, ಮುರುಗಲು, ಐದಾರು ತೆಂಗು, ನನ್ನ ತರಕಾರಿ ಪಾತಿ, ಹೂವಿನ ಗಿಡ. ಇದನ್ನೆಲ್ಲ ಬೆಳಕಿನಲ್ಲಿ ಸರಿಯಾಗಿ ನೋಡಿದ್ದು ನಿವೃತ್ತಿ ಆದ ಮೇಲೇ ಅಂದರೆ ಸುಳ್ಳಲ್ಲ. 2017ರಲ್ಲಿ ನಿವೃತ್ತಿ ಆಯ್ತು. ಅಷ್ಟರಲ್ಲಿ ಮಗಳ ಮದುವೆ ಆಗಿತ್ತು, ಮಗ ಬೆಂಗಳೂರು ಸೇರಿದ್ದ. ಮನೇಲಿ ಉಳಿದದ್ದು ನಾವಿಬ್ಬರೇ.

ಇಲ್ಲಿ ಕೂತಿರೋ ಎಷ್ಟೋ ಜನಕ್ಕೆ ಗೊತ್ತು, ಮಕ್ಕಳಿಲ್ಲದ ಮನೆಯಲ್ಲಿ ಗಂಡ ಹೆಂಡತಿ ಎದುರು ಬದುರು ಕೂತರೆ ಮಾತೇ ಹೊರಡೋದಿಲ್ಲ. ನಮಗೂ ಹಾಗೇ ಆಯ್ತು. ಇವರಿಗೆ ಹೊತ್ತು ಹೋಗದೆ ಹಿತ್ತಲಿನ ಮೇಲೆ ಕಣ್ಣು ಬಿತ್ತು. "ಈ ಹಲಸು ಇಷ್ಟು ಜಾಗ ತಿಂತದೆ, ಕಡಿದು ನಾಟಾ ಮಾಡಿ ಮಾರುವ. ತರಕಾರಿ ಸಂತೇಲಿ ಸಿಗ್ತದೆ. ಪೂರ್ತಿ ಅಡಿಕೆ ಹಾಕುವ" ಅಂದರು. ಮಗ ಫೋನಿನಲ್ಲಿ ಇನ್ನೊಂದು ಸೇರಿಸಿದ: "ಅಂಗಳಕ್ಕೆ ಇಂಟರ್‌ಲಾಕ್ ಹಾಕ್ಸಿ ಬಿಡಿ ಅಮ್ಮ, ಕೆಸರು ಇರೋದಿಲ್ಲ." ನನ್ನನ್ನು ಯಾರೂ ಕೇಳಲಿಲ್ಲ. ಆ ಹಿತ್ತಲಿನಲ್ಲಿ ಬೆಳೆದ ಸೊಪ್ಪು, ಹಪ್ಪಳ ಮಾರಿ ನಾನು ಸಂಘಕ್ಕೆ ಉಳಿತಾಯ ಕಟ್ಟಿದ್ದೇನೆ, ಮಕ್ಕಳಿಗೆ ಪುಸ್ತಕ ತಂದಿದ್ದೇನೆ. ನಾನು ಜಗಳ ಆಡಲಿಲ್ಲ. ಜಗಳಕ್ಕಿಂತ ಕೆಟ್ಟದ್ದು ಮಾಡಿದೆ, ಮಾತು ಬಿಟ್ಟೆ. ಊಟ ಬಡಿಸೋದು, ತಟ್ಟೆ ತೆಗೆಯೋದು, ಸಂಜೆ ಜಪಸರ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ. ಹೀಗೆ ಸುಮಾರು ಎರಡು ತಿಂಗಳು.

ಸಂಘದ ಮೀಟಿಂಗಿಗೆ ಬಂದ ಸಿಸ್ಟರ್‌ಗೆ ಅದು ಗೊತ್ತಾಯ್ತು. ಅವರು ನನಗೂ ಬುದ್ಧಿ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. "ಒಂದು ವರ್ಷ ಏನೂ ಕಡಿಯಬೇಡಿ. ಅಲ್ಲಿ ಏನೇನು ಆಗ್ತದೆ ಅಂತ ದಿನಾ ಬರೆದಿಡಿ, ಆಮೇಲೆ ತೀರ್ಮಾನ ಮಾಡಿ" ಅಂದರು ಅಷ್ಟೇ. ಕಂಡಕ್ಟರ್‌ಗೆ ಬರೆಯೋದು ಹೊಸದಲ್ಲ. ದಿನಾ ವೇ ಬಿಲ್ ಬರೆದ ಕೈ. ಒಂದು ಉದ್ದ ಪುಸ್ತಕ ತಂದು ಗೆರೆ ಹಾಕಿದರು: ದಿನಾಂಕ, ಮಳೆ, ಹೂವು, ಹಣ್ಣು, ಷರಾ. ಹೆಸರು ಗೊತ್ತಾಗದೇ ಇದ್ದಾಗ ನನ್ನನ್ನೇ ಕೇಳಬೇಕಾಯ್ತು. "ಇದು ಯಾವ ಹೂವು ಮಾರಾಯ್ತಿ?" ಎರಡು ತಿಂಗಳ ನಂತರ ಇವರು ಆಡಿದ ಮೊದಲ ಮಾತು ಅದು. ಹೂವು ಸುರಗಿ. ಫೆಬ್ರವರಿ ತಿಂಗಳು, ನೆಲದ ತುಂಬ ಉದುರಿತ್ತು. ಒಣಗಿದ ಮೇಲೂ ಪರಿಮಳ ಹೋಗೋದಿಲ್ಲ ಅಂತ ಹೇಳಿದೆ. ಷರಾ ಕಾಲಮ್ಮಿನಲ್ಲಿ ಅದನ್ನೂ ಬರೆದರು.

ಆ ಪುಸ್ತಕ ಇವತ್ತು ತಂದಿದ್ದೇನೆ. ಎಲ್ಲ ಓದೋದಿಲ್ಲ, ಹೆದರಬೇಡಿ.

ತಪಸ್ಸು ಕಾಲ ನಮ್ಮಲ್ಲಿ ದರಗು ಉದುರೋ ಕಾಲ. ಮಾವು, ಹಲಸು ಎಲ್ಲ ಎಲೆ ಬೀಳಿಸ್ತವೆ. ಮೊದಲು ಇವರು ಅದನ್ನು ಕಸ ಅಂತ ಬೆಂಕಿ ಹಾಕಲು ಹೊರಟಿದ್ದರು. ದರಗನ್ನು ಗಿಡದ ಬುಡಕ್ಕೆ ಮುಚ್ಚಿದರೆ ಏಪ್ರಿಲ್ ಬಿಸಿಲಲ್ಲೂ ಮಣ್ಣಿನ ತೇವ ಆರೋದಿಲ್ಲ, ನೀರು ಹಾಕೋ ಕೆಲಸ ಅರ್ಧ ಆಗ್ತದೆ. ಗರಿಗಳ ಭಾನುವಾರ ನಮ್ಮ ತೆಂಗಿನ ಎಳೆ ಗರಿಯನ್ನೇ ಇಗರ್ಜಿಗೆ ಕೊಡ್ತೇವೆ. ಮನೆಯಲ್ಲಿ ಶಿಲುಬೆಗೆ ಸಿಕ್ಕಿಸಿಟ್ಟ ಹಳೇ ಗರಿಯನ್ನು ಮುಂದಿನ ವರ್ಷ ವಾಪಸು ಕೊಟ್ಟರೆ, ಅದನ್ನೇ ಸುಟ್ಟು ವಿಭೂತಿ ಬುಧವಾರದ ಬೂದಿ ಮಾಡ್ತಾರೆ. ನಮ್ಮ ಹಿತ್ತಲಿನ ಗರಿ ನಮ್ಮ ಹಣೆಗೇ ಬರ್ತದೆ ಅಂತ ಇವರು ಅರವತ್ತು ವರ್ಷದಲ್ಲಿ ಒಂದು ದಿನವೂ ಯೋಚನೆ ಮಾಡಿರಲಿಲ್ಲವಂತೆ.

ಪಾಸ್ಕ ಹಬ್ಬ ಮುಗಿದರೆ ಹಲಸು. ಇವರು ಹಣ್ಣಿಗೆ ನಂಬರ್ ಹಾಕಿ ಎಣಿಸಿದರು, ಅರವತ್ತಮೂರು. ಬಲಿತ ಕಾಯಿಯಿಂದ ಹಪ್ಪಳ, ಹಣ್ಣಿನಿಂದ ಕಡುಬು. ಬೀಜವನ್ನು ಕೆಮ್ಮಣ್ಣು ಮೆತ್ತಿ ಇಟ್ಟರೆ ಮಳೆಗಾಲ ಪೂರ್ತಿ ಸಾರಿಗೆ ಆಗ್ತದೆ. ರಚ್ಚೆ ಮೇವು ದನಕ್ಕೆ. ಮುರುಗಲು ಹಣ್ಣಿನ ಸಿಪ್ಪೆ ಒಣಗಿಸೋದೂ ಅದೇ ಬಿಸಿಲಿಗೆ. ಹಪ್ಪಳ ಒಣಗಿಸೋವಾಗ ಕಾಗೆ ಕಾಯೋ ಕೆಲಸ ಇವರದ್ದಾಯ್ತು. ಚಾಪೆ ಪಕ್ಕ ಕುರ್ಚಿ ಹಾಕಿಕೊಂಡು ಕೋಲು ಹಿಡಿದು ಕೂತರೆ, ಟಿಕೆಟ್ ಇಲ್ಲದ ಪ್ಯಾಸೆಂಜರ್ ಹತ್ತಿರವೂ ಸುಳಿಯೋ ಹಾಗಿರಲಿಲ್ಲ!

ನಮ್ಮ ಊರಿನವರಿಗೆ ಜೂನ್ ಜುಲೈ ಅಂದರೆ ಲೆಕ್ಕಕ್ಕಿಲ್ಲ. ಜೂನ್ 8ರ ಹೊತ್ತಿಗೆ ಮೃಗಶಿರ, 22ಕ್ಕೆ ಆರಿದ್ರ, ಜುಲೈಯಲ್ಲಿ ಪುನರ್ವಸು, ಪುಷ್ಯ, ಆಗಸ್ಟಿಗೆ ಆಶ್ಲೇಷ, ಮಘೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ಸೌತೆ, ಹೀರೆ, ಬೆಂಡೆ, ಹರಿವೆ ಬೀಜ ಮೃಗಶಿರಕ್ಕೆ ಹಾಕಿದರೆ ಸರಿ, ತಡ ಮಾಡಿದರೆ ಆರಿದ್ರ ಮಳೆಗೆ ಕೊಳೀತದೆ. ಡೇರೆ ಗೆಡ್ಡೆ ನೆಡೋದೂ ಆಗಲೇ. ಪುಷ್ಯ ಮಳೆಯಲ್ಲಿ ಹೊರಗೆ ಕಾಲಿಡಲಿಕ್ಕಾಗದ ದಿನ ಇವರೂ ನಾನೂ ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದೆವು. ಆ ದಿನ ಪುಸ್ತಕದಲ್ಲಿ "ಮಳೆ ಜೋರು, ಬೇರೆ ವಿಶೇಷ ಇಲ್ಲ" ಅಂತಿದೆ. ವಿಶೇಷ ಇತ್ತು. ಮೂವತ್ತು ವರ್ಷದ ಹಳೇ ಕಥೆಗಳು ಆವತ್ತೇ ಹೊರಗೆ ಬಂದದ್ದು. ಕಲೆಕ್ಷನ್ ಕಡಿಮೆ ಬಂದ ದಿನ ಕೈಯಿಂದ ತುಂಬಿಸಿ, ಮನೇಲಿ ಹೇಳದೆ ಇದ್ದದ್ದೂ ಸೇರಿ.

ಆಗಸ್ಟ್ 30ರಿಂದ ಮಾತೆ ಮರಿಯಮ್ಮನವರ ನವದಿನ. ಅದೇ ಹೊತ್ತಿಗೆ ಡೇರೆ ಬಿಟ್ಟಿರ್ತದೆ, ಬೇಲಿಯಲ್ಲಿ ಗೌರಿ ಹೂವು ಕೆಂಪು ಹಳದಿ. ಅಕ್ಕಪಕ್ಕದ ಮಕ್ಕಳು ಬುಟ್ಟಿ ಹಿಡಿದು ಬರ್ತಾರೆ. ಸೆಪ್ಟೆಂಬರ್ 8ಕ್ಕೆ ತೆನೆ ಹಬ್ಬ. ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಡ್ತಾರೆ, ಭತ್ತ ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣೋದು. ಆವತ್ತು ಮೀನು ಮಾಂಸ ಇಲ್ಲ, ತರಕಾರಿ ಅಡುಗೆ. 2018ರ ತೆನೆ ಹಬ್ಬಕ್ಕೆ ಏಳು ಬಗೆ ಮಾಡಿದೆ. ಒಂದನ್ನೂ ಸಂತೆಯಿಂದ ತರಲಿಲ್ಲ. ಇವರು ಬಾಳೆ ಎಲೆ ಮುಂದೆ ಕೂತು ಒಂದೊಂದಾಗಿ ಎಣಿಸಿದರು. ಏನೂ ಹೇಳಲಿಲ್ಲ. ಮರ ಕಡಿಯೋ ಮಾತು ಮಾತ್ರ ಆಮೇಲೆ ಎತ್ತಲಿಲ್ಲ.

ಸ್ವಾತಿ ಮಳೆ ಮುಗಿದು ಮಂಜು ಬಿತ್ತು ಅಂದರೆ ಮೂಲಂಗಿ, ಅವರೆ. ಆಗಮನ ಕಾಲದಲ್ಲಿ ಗೋದಲಿಗೆ ಹಸಿರು ಬೇಕಲ್ಲ, ಡಬ್ಬಿ ಮುಚ್ಚಳದಲ್ಲಿ ರಾಗಿ ಬಿತ್ತೋದು ಈಗ ಇವರ ಕೆಲಸ. ಕ್ರಿಸ್‌ಮಸ್‌ಗೆ ಹತ್ತು ದಿನ ಮುಂಚೆ ಹಾಕಿದರೆ ಸರಿಯಾದ ಎತ್ತರಕ್ಕೆ ಬರ್ತದೆ.

ಎಲ್ಲ ಸುಖವೇ ಅಂತ ತಿಳಿಯಬೇಡಿ. ಅಡಿಕೆ ಹಾಕಿದ್ದೂ ಇದೆ. ಹಿಂಭಾಗದಲ್ಲಿ ನಲವತ್ತು ಸಸಿಗೆ ನಾನು ಒಪ್ಪಿದೆ, ಯಾಕಂದರೆ ದುಡ್ಡಿನ ಅಗತ್ಯ ನನಗೂ ಗೊತ್ತು. ಮಲೆನಾಡಿಗೆ ಎಲೆಚುಕ್ಕಿ ರೋಗ ಬಂದಾಗ ನಮ್ಮ ಗಿಡಕ್ಕೂ ತಗುಲಿತು. ಪೂರ್ತಿ ಅಡಿಕೆಯನ್ನೇ ನಂಬಿದ ಅಕ್ಕಪಕ್ಕದವರು ಆಗ ಪಟ್ಟ ಕಷ್ಟ ನೋಡಿದ್ದೇವೆ.

ಇನ್ನು 2023. ಮಳೆ ಕೈ ಕೊಟ್ಟ ವರ್ಷ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಮಲೆನಾಡಿನಲ್ಲಿ ಬರ ಅಂದರೆ ನಗೋರು, ಆದರೆ 2024ರ ಏಪ್ರಿಲ್‌ನಲ್ಲಿ ನಮ್ಮ ಬಾವಿಯ ತಳ ಕಂಡಿತು. ನಾನು ಆ ಬಾವಿಯ ತಳ ನೋಡಿದ್ದು ಅದೇ ಮೊದಲು. ಪಾತಿ ಒಣಗಿತು, ಡೇರೆ ಗೆಡ್ಡೆ ಅರ್ಧ ಸತ್ತವು. ಆಗ ಇವರು ಪುಸ್ತಕ ತೆಗೆದು ಲೆಕ್ಕ ಹಾಕಿದರು. ನಮ್ಮ ಮಾಡು 100 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಂದರೆ 100 ಲೀಟರ್ ನೀರು. ವರ್ಷಕ್ಕೆ 2,500 ಮಿಲಿಮೀಟರ್ ಬಂದರೆ ಎರಡೂವರೆ ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯ್ತು ಅಂದರೂ ಎರಡು ಲಕ್ಷ, ಅಂದರೆ 5,000 ಲೀಟರಿನ ನಲವತ್ತು ಟ್ಯಾಂಕರ್. ಇಷ್ಟನ್ನು ನಾವು ಚರಂಡಿಗೆ ಬಿಡ್ತಾ ಇದ್ದೆವು.

ಸಂಘದಿಂದ ಸಾಲ ತೆಗೆದು ಮಾಡಿಗೆ ದೋಣಿ ಹಾಕಿಸಿದೆವು. ನೀರು ಒಂದು ಡ್ರಮ್ಮಿಗೆ ಬರ್ತದೆ. ಅದರಲ್ಲಿ ತಳಕ್ಕೆ ಜಲ್ಲಿ, ಮೇಲೆ ಇದ್ದಿಲು, ಅದರ ಮೇಲೆ ಮರಳು. ಅಲ್ಲಿಂದ ಬಾವಿಗೆ. ಮೊದಲ ನಾಲ್ಕೈದು ಮಳೆಯ ನೀರನ್ನು ಬಿಡಬಾರದು, ಮಾಡಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ಹೋಗಬೇಕು. ವರ್ಷಕ್ಕೊಮ್ಮೆ ಮರಳು ತೊಳೀಬೇಕು. ಕುಡಿಯೋ ನೀರನ್ನು ಕುದಿಸಿಯೇ ಕುಡೀತೇವೆ. ಸಾಲ ಹದಿನೆಂಟು ಕಂತಿನಲ್ಲಿ ತೀರಿತು, ನಮ್ಮ ಸಂಘದ ಪುಸ್ತಕದಲ್ಲಿ ನೋಡಬಹುದು.

2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಈ ಭೂಮಿಯನ್ನು ನಮ್ಮೆಲ್ಲರ ಮನೆ ಅಂತ ಕರೆದು ವಿಶ್ವಪತ್ರ ಬರೆದದ್ದನ್ನು ಗುರುಗಳು ಈಗಷ್ಟೇ ವಿವರಿಸಿದರು. ಅಷ್ಟು ದೊಡ್ಡ ಮನೆಯ ವಿಷಯ ನನಗೆ ಹೇಳಲಿಕ್ಕೆ ಬರೋದಿಲ್ಲ. ನನಗೆ ಗೊತ್ತಿರೋದು ಇಪ್ಪತ್ತು ಗುಂಟೆ. ಅಲ್ಲೂ ಇನ್ನೂ ತಕರಾರು ಮುಗಿದಿಲ್ಲ. ಇಂಟರ್‌ಲಾಕ್ ವಿಷಯ ಮಗ ಪ್ರತಿ ರಜೆಗೂ ಎತ್ತುತ್ತಾನೆ, ಈಗ ಇವರ ಮೊಣಕಾಲು ನೋವು ಜಾಸ್ತಿ ಆಗಿ ಕೆಸರಿನಲ್ಲಿ ಜಾರೋ ಭಯ ಇರೋದೂ ನಿಜ. ಬಾಗಿಲಿನಿಂದ ಬಾವಿಯವರೆಗೆ ಒಂದು ಕಲ್ಲು ಹಾದಿ ಮಾಡುವ ಅಂತ ನನ್ನ ಲೆಕ್ಕ. ಇವರು ಇನ್ನೂ ಹೂಂ ಅಂದಿಲ್ಲ.

ಕೊನೆಗೆ ಒಂದು ಮಾತು. ಮೃಗಶಿರಕ್ಕೆ ಇನ್ನು ಎರಡು ವಾರವೂ ಇಲ್ಲ. ಬೂದಿ ಹಾಕಿ ಇಟ್ಟ ಸೌತೆ, ಹೀರೆ, ಹರಿವೆ ಬೀಜ ಪೊಟ್ಟಣ ಕಟ್ಟಿ ತಂದಿದ್ದೇನೆ, ಬಾಗಿಲ ಹತ್ತಿರ ಗೋಣಿಚೀಲದಲ್ಲಿ ಡೇರೆ ಗೆಡ್ಡೆಯೂ ಇದೆ. ಗೆಡ್ಡೆ ತಗೊಳ್ಳೋವಾಗ ಕುತ್ತಿಗೆಯಲ್ಲಿ ಮೊಳಕೆ ಇದೆಯಾ ಅಂತ ನೋಡಿ, ಇಲ್ಲದ್ದು ಹುಟ್ಟೋದಿಲ್ಲ. ದುಡ್ಡು ಬೇಡ. ಯಾರು ಯಾವ ಬಣ್ಣ ತಗೊಂಡ್ರಿ ಅಂತ ಇವರ ಹತ್ತಿರ ಬರೆಸಿ ಹೋಗಿ, ಪುಸ್ತಕ ಪೆನ್ನು ಹಿಡಿದು ಆಗಲೇ ರೆಡಿ ಇದ್ದಾರೆ.