ವಿದ್ಯಾರ್ಥಿಯ ಹೆಸರಿಗೇ ಹಣ: ಸೆನೆಟರ್ ಪೆಲ್ ಅವರ ಹಟ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯಾರ್ಥಿವೇತನದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಕಾಲೇಜಿನ ಕಚೇರಿಯ ಕಿಟಕಿ. ಫೀಸು ರಿಯಾಯಿತಿಯ ಅರ್ಜಿ ಹಿಡಿದು ಅದರ ಮುಂದೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಕೊಡುವುದು, ಬಿಡುವುದು ಅವರ ಇಷ್ಟ. ಕೊನೆಗೆ ರಿಯಾಯಿತಿ ಸಿಕ್ಕಿತೆನ್ನಿ. ಆದರೆ ಮೂರು ವರ್ಷ ಆ ಗುಮಾಸ್ತರ ಎದುರು ತಲೆ ಎತ್ತಿ ನಡೆಯಲಾಗಲಿಲ್ಲ. ಬಹಳ ವರ್ಷಗಳ ಮೇಲೆ ಅಮೆರಿಕದ ಸೆನೆಟರ್ ಒಬ್ಬರ ವಿಷಯ ಓದಿದಾಗ ಆ ಕಿಟಕಿ ಮತ್ತೆ ಕಣ್ಣ ಮುಂದೆ ಬಂತು. ಅವರ ಹೆಸರು ಕ್ಲೇಬೋರ್ನ್ ಪೆಲ್.

ಪೆಲ್ ಬಡವರಲ್ಲ. ಹುಟ್ಟಿದ್ದು 1918ರಲ್ಲಿ ನ್ಯೂಯಾರ್ಕಿನಲ್ಲಿ, ತಲೆಮಾರುಗಳಿಂದ ಬಂದ ಶ್ರೀಮಂತ ಮನೆತನದಲ್ಲಿ. ತಂದೆ ಹರ್ಬರ್ಟ್ ಪೆಲ್ ಒಮ್ಮೆ ಕಾಂಗ್ರೆಸ್ ಸದಸ್ಯರಾಗಿದ್ದವರು, ಮುಂದೆ ಪೋರ್ಚುಗಲ್ ಮತ್ತು ಹಂಗೇರಿಯಲ್ಲಿ ತಮ್ಮ ದೇಶದ ಪ್ರತಿನಿಧಿಯಾದವರು. ಮಗ ಪ್ರಿನ್ಸ್‌ಟನ್‌ನಲ್ಲಿ ಓದಿ 1941ರಲ್ಲಿ ಕರಾವಳಿ ರಕ್ಷಣಾ ಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿದರು. ಹಡಗಿನಲ್ಲಿ ಅಡುಗೆಯ ಕೆಲಸವನ್ನೂ ಮಾಡಿದರು. ಶ್ರೀಮಂತರ ಮನೆಯ ಹುಡುಗ ಒಕ್ಕಲಿನವರ, ಕೂಲಿಯವರ ಮಕ್ಕಳ ಜೊತೆ ಒಂದೇ ಹಡಗಿನಲ್ಲಿ ಬದುಕಿದ ಕಾಲ ಅದು. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪಿಸಿದ ಸಮ್ಮೇಳನದಲ್ಲೂ ಕೆಲಸ ಮಾಡಿದರು. ಆ ಸನ್ನದಿನ ಪುಟ್ಟ ಪ್ರತಿಯೊಂದು ಮುಂದೆ ಸದಾ ಅವರ ಜೇಬಿನಲ್ಲಿ ಇರುತ್ತಿತ್ತಂತೆ.

1960ರ ಚುನಾವಣೆಯಲ್ಲಿ ಅವರು ರೋಡ್ ಐಲೆಂಡ್ ರಾಜ್ಯದಿಂದ ಸೆನೆಟಿಗೆ ನಿಂತರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತಲೂ ಚಿಕ್ಕ ರಾಜ್ಯ ಅದು. ಅದಕ್ಕೆ ಮೊದಲು ಯಾವ ಚುನಾವಣೆಯನ್ನೂ ಗೆದ್ದವರಲ್ಲ. ಪಕ್ಷದೊಳಗಿನ ಸ್ಪರ್ಧೆಯಲ್ಲೇ ಇಬ್ಬರು ಮಾಜಿ ಗವರ್ನರುಗಳು ಎದುರಿದ್ದರು. ಅಲ್ಲಿನ ಗಿರಣಿ ಊರುಗಳಲ್ಲಿ ಇಟಲಿ, ಪೋರ್ಚುಗಲ್ ಮತ್ತು ಫ್ರೆಂಚ್ ಮಾತಾಡುವ ಕೆನಡಾದಿಂದ ಬಂದ ದುಡಿಯುವ ಜನ ಬಹಳ. ಪೆಲ್ ಅವರವರ ಭಾಷೆಯಲ್ಲೇ ಮಾತಾಡಿ ಮತ ಕೇಳಿದರು, ಗೆದ್ದರು. 1961ರಿಂದ 1997ರ ತನಕ ಆರು ಅವಧಿ ಸೆನೆಟಿನಲ್ಲಿದ್ದರು. ಜೋರಾಗಿ ಭಾಷಣ ಮಾಡುವವರಲ್ಲ. ಹಳೇ ಕೋಟು, ಮೆಲುದನಿ. ಅತೀಂದ್ರಿಯ ಶಕ್ತಿಗಳ ಬಗೆಗಿನ ಅವರ ಕುತೂಹಲವನ್ನು ಕಂಡು ಜನ ನಗುತ್ತಿದ್ದುದೂ ಉಂಟು. ಆ ನಗು ಅನ್ಯಾಯವೆಂದು ನಾನೂ ಹೇಳಲಾರೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಯುದ್ಧದಿಂದ ಮರಳಿದ ಸೈನಿಕರನ್ನು ಸರಕಾರದ ಖರ್ಚಿನಲ್ಲಿ ಓದಿಸುವ ಕಾನೂನು ಅಮೆರಿಕದಲ್ಲಿ 1944ರಲ್ಲೇ ಬಂದಿತ್ತು. ಬಂದೂಕು ಹಿಡಿದವನಿಗೆ ಸಿಗುವ ಓದು ಬಡವನ ಮಗನಿಗೂ ಮಗಳಿಗೂ ಏಕೆ ಸಿಗಬಾರದು? ಸೆನೆಟಿನ ಶಿಕ್ಷಣ ಉಪಸಮಿತಿಯ ಅಧ್ಯಕ್ಷರಾಗಿ ಪೆಲ್ ಹಿಡಿದ ದಾರಿ ಇದು. 1970ರ ದಶಕದ ಆರಂಭದಲ್ಲಿ ಉನ್ನತ ಶಿಕ್ಷಣಕ್ಕೆ ಹೆಚ್ಚು ಹಣ ಕೊಡಬೇಕೆಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿರಲಿಲ್ಲ. ಜಗಳವಿದ್ದದ್ದು ಯಾರ ಕೈಗೆ ಕೊಡಬೇಕೆಂಬುದರಲ್ಲಿ. ಕಾಲೇಜುಗಳ ಸಂಘಟನೆಗಳು ತಮಗೇ ಕೊಡಿ ಎಂದವು. ಕೆಳಮನೆಯಲ್ಲಿ ಶಿಕ್ಷಣದ ವಿಷಯದಲ್ಲಿ ದೊಡ್ಡ ಹೆಸರಾಗಿದ್ದ ಎಡಿತ್ ಗ್ರೀನ್ ಅವರೂ ಅದೇ ಪಕ್ಷ. ಪೆಲ್ ಒಪ್ಪಲಿಲ್ಲ. ಹಣ ವಿದ್ಯಾರ್ಥಿಯ ಹೆಸರಿಗೇ ಬರಲಿ, ಅವನು ಆರಿಸಿದ ಕಾಲೇಜಿಗೆ ಅವನ ಹಿಂದೆ ಹೋಗಲಿ ಎಂದು ಕೂತರು.

ಈ ವ್ಯತ್ಯಾಸ ಸಣ್ಣದಲ್ಲ, ಹೆತ್ತವರು ಸ್ವಲ್ಪ ಗಮನಿಸಬೇಕು. ಹಣ ಕಾಲೇಜಿನದಾದರೆ ಬಡ ಹುಡುಗ ಅಲ್ಲಿ ಅರ್ಜಿದಾರ. ಹಣ ಅವನದೇ ಆದರೆ ಅವನನ್ನು ಬನ್ನಿ ಎಂದು ಕರೆಯಬೇಕಾದದ್ದು ಕಾಲೇಜು. ಪಾವತಿ ಕಾಲೇಜಿನ ಕಚೇರಿಯ ಮೂಲಕವೇ ಆಗಬಹುದು, ಆದರೆ ಅರ್ಹತೆಯನ್ನು ತೀರ್ಮಾನಿಸುವುದು ಮನೆಯ ಆದಾಯದ ಲೆಕ್ಕ, ಕಚೇರಿಯ ಕಿಟಕಿಯ ಆಚೆ ಕೂತವರ ಮರ್ಜಿಯಲ್ಲ. ಮರುಪಾವತಿಯ ಮಾತೂ ಇಲ್ಲ. ಇದು ಸಾಲವಲ್ಲ.

1972ರ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಲ್ಲಿ ಈ ಯೋಜನೆ ಸೇರಿತು. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದೆಂಬ ಪ್ರಸಿದ್ಧ ವಿಧಿಯೂ ಅದೇ ಕಾನೂನಿನಲ್ಲಿದೆ. ಕಾಗದದ ಮೇಲೆ ಮಿತಿ ವರ್ಷಕ್ಕೆ 1,400 ಡಾಲರ್. ಆದರೆ 1973ರಲ್ಲಿ ಮೊದಲ ಬಾರಿ ಕೊಡುವಾಗ ಖಜಾನೆಯಿಂದ ಬಂದ ಹಣ ಕಡಿಮೆ. ಒಬ್ಬರಿಗೆ ಸಿಕ್ಕಿದ ಗರಿಷ್ಠ ಮೊತ್ತ 452 ಡಾಲರ್, ಅದೂ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮಾತ್ರ. 1980ರಲ್ಲಿ ಯೋಜನೆಗೆ ಅವರ ಹೆಸರನ್ನೇ ಇಟ್ಟರು. ಇಂದು ಪೆಲ್ ಗ್ರಾಂಟ್ ಪಡೆಯುವವರು ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು. ಇಲ್ಲಿಂದ ಅಮೆರಿಕಕ್ಕೆ ಹೋಗುವ ಆಸೆಯುಳ್ಳವರಿಗೆ ಒಂದು ಮಾತು: ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಇದು ಸಿಗುವುದಿಲ್ಲ, ಯಾರಾದರೂ ಸಿಗುತ್ತದೆಂದರೆ ನಂಬಬೇಡಿ.

ವಿದೇಶಾಂಗ ಸಮಿತಿಗೂ ಅವರು 1987ರಿಂದ 1995ರವರೆಗೆ ಅಧ್ಯಕ್ಷರಾಗಿದ್ದರು. 1988ರಲ್ಲಿ ಸದ್ದಾಂ ಹುಸೇನರ ಸರಕಾರ ಕುರ್ದ್ ಜನರ ಮೇಲೆ ವಿಷಾನಿಲ ಸುರಿದಾಗ ಇರಾಕಿನ ಮೇಲೆ ನಿರ್ಬಂಧ ಹೇರುವ ಮಸೂದೆಯನ್ನು ತಂದರು. ಸೆನೆಟ್ ಅದನ್ನು ಒಂದೇ ದಿನದಲ್ಲಿ ಒಪ್ಪಿತು. ರೇಗನ್ ಸರಕಾರ ವಿರೋಧಿಸಿತು, ಮಸೂದೆ ಕಾನೂನಾಗಲಿಲ್ಲ. ಆ ಹೊತ್ತಿಗೆ ಇರಾಕ್ ಅಮೆರಿಕಕ್ಕೆ ಬೇಕಾದ ದೇಶವಾಗಿತ್ತು.

ಅವರ ಸ್ವಂತ ಯೋಜನೆಗೂ ಪೆಟ್ಟು ಬಿತ್ತು. 1994ರ ಅಪರಾಧ ಕಾನೂನು ಜೈಲಿನಲ್ಲಿರುವವರಿಗೆ ಪೆಲ್ ಗ್ರಾಂಟ್ ಕೊಡುವುದನ್ನು ನಿಲ್ಲಿಸಿತು. ಕೈದಿಗಳ ಪರ ಮಾತಾಡಿದರೆ ಮತ ಬರುವುದಿಲ್ಲ. ಆದರೂ ಪೆಲ್ ಆ ತಿದ್ದುಪಡಿಯನ್ನು ವಿರೋಧಿಸಿದರು, ಸೋತರು. ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲಿ 2009ರ ಜನವರಿ 1ರಂದು ತೀರಿಕೊಂಡರು. ಕೈದಿಗಳಿಗೆ ಆ ನೆರವು ಮರಳಿ ಸಿಕ್ಕಿದ್ದು 2023ರ ಜುಲೈಯಲ್ಲಿ.

ಇನ್ನೊಂದು ಪೆಟ್ಟು ಸದ್ದಿಲ್ಲದ್ದು. 1970ರ ದಶಕದ ಮಧ್ಯದಲ್ಲಿ ಗರಿಷ್ಠ ಗ್ರಾಂಟ್ ಒಂದು ಸರಕಾರಿ ಕಾಲೇಜಿನ ಫೀಸು, ಊಟ, ವಸತಿಯ ಮುಕ್ಕಾಲು ಪಾಲನ್ನು ತುಂಬುತ್ತಿತ್ತು. 2023-24ರಲ್ಲಿ ಅದು 7,395 ಡಾಲರ್, ತುಂಬಿದ್ದು ಮೂರನೇ ಒಂದು ಪಾಲಿನಷ್ಟೂ ಅಲ್ಲ. ಫೀಸು ಓಡಿತು, ಗ್ರಾಂಟ್ ನಡೆಯಿತು. ಉಳಿದದ್ದಕ್ಕೆ ಮಕ್ಕಳು ಸಾಲ ಮಾಡುತ್ತಾರೆ.

ಇಂದು ಚೆಕ್ ಪಡೆಯುವ ಮಕ್ಕಳಲ್ಲಿ ಒಂದು ವಿನಂತಿ. ಮನೆಗೆ ಹೋಗಿ ಈ ಮೊತ್ತವನ್ನೂ ನಿಮ್ಮ ಈ ವರ್ಷದ ಒಟ್ಟು ಖರ್ಚನ್ನೂ ಒಂದು ಚೀಟಿಯಲ್ಲಿ ಅಕ್ಕಪಕ್ಕ ಬರೆದು ಸಂಘದ ಕಾರ್ಯದರ್ಶಿಗಳಿಗೆ ಕೊಡಿ. ಮುಂದಿನ ವರ್ಷದ ಮೊತ್ತ ನಿಗದಿ ಮಾಡುವಾಗ ಅವರಿಗೆ ಆ ಚೀಟಿ ಬೇಕಾಗುತ್ತದೆ.